ಹದಿನೆಂಟು ತುಂಬುವ ಮೊದಲು ಆಗಬೇಕಾದ ಕಾಗದಗಳು

2025ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ರಾಜ್ಯಗಳಿಗೂ ಒಂದು ಆದೇಶ ಕೊಟ್ಟಿತು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳಲು ತರಬೇತಿ ಪಡೆದ ಶಿಕ್ಷಕರು ಎಷ್ಟು ಮಂದಿ ಬೇಕು ಅಂತ ಲೆಕ್ಕ ಹಾಕಿ, ಅಷ್ಟು ಹುದ್ದೆಗಳನ್ನು ಅಧಿಸೂಚನೆಯಲ್ಲಿ ಪ್ರಕಟಿಸಿ, ಭರ್ತಿ ಮಾಡಬೇಕು ಎಂಬುದು ಅದರ ಸಾರ. ಇದೇ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಕೋರ್ಟು, ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ಶಿಕ್ಷಕ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ಅಂತ ಪ್ರಮಾಣ ಹೇಳಿತ್ತು. ಹೇಳಿ ಮೂರು ವರ್ಷ ದಾಟಿದರೂ ರಾಜ್ಯಗಳು ಅಲುಗಾಡಲಿಲ್ಲ ಅಂತಲೇ ಎರಡನೇ ಸಲ ಹೇಳಬೇಕಾಯಿತು.

ಆ ವರ್ಷವಿಡೀ ನಮ್ಮ ಮಸೀದಿಯಂಗಳದಲ್ಲಿ, ಹೋಟೆಲಿನ ಬೆಂಚಿನಲ್ಲಿ ನಡೆದ ಮಾತೆಲ್ಲ ವಕ್ಫ್ ತಿದ್ದುಪಡಿಯದ್ದು. ಅದು ಬೇಡದ ಮಾತು ಅಂತ ನಾವು ಹೇಳುವುದಿಲ್ಲ. ಆದರೆ ಈ ಆದೇಶದ ಬಗ್ಗೆ ಒಬ್ಬರಾದರೂ ಬಾಯಿ ತೆರೆದದ್ದು ನಮ್ಮ ಕಿವಿಗೆ ಬೀಳಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳಲ್ಲಿ ಬ್ಯಾರಿ ಮನೆಗಳು ಇರುವ ಯಾವ ಊರಿಗೆ ಹೋದರೂ, ಬಾಲೆಹೊನ್ನೂರಾಗಲಿ ಜಯಪುರವಾಗಲಿ, ಜಮಾಅತಿನಲ್ಲಿ ಇಂಥ ಮಗು ಇರುವ ಒಂದೆರಡು ಮನೆ ಇದ್ದೇ ಇರ್ತದೆ. ಎಲ್ಲರಿಗೂ ಗೊತ್ತಿರ್ತದೆ, ಯಾರೂ ಮಾತಾಡುವುದಿಲ್ಲ.

ಈ ಮನೆಗಳಲ್ಲಿ ಮದ್ದಿಗೆ ಕಮ್ಮಿ ಮಾಡುವುದಿಲ್ಲ, ಅದನ್ನು ಒಪ್ಪಬೇಕು. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗ್ತಾರೆ, ಎಸ್.ಕೆ. ಬಾರ್ಡರ್ ದಾಟಿ ಮಂಗಳೂರಿಗೆ ಹೋಗ್ತಾರೆ, ಒಂದು ಸಲ ಬೆಂಗಳೂರಿನ ನಿಮ್ಹಾನ್ಸ್, ಇನ್ನೊಂದು ಸಲ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಗಲ್ಫಿನಲ್ಲಿ ದುಡಿದದ್ದು, ಅಡಿಕೆ ಮಾರಿದ್ದು ಹೀಗೆ ಹೋಗ್ತದೆ. ಆದರೆ ಮದ್ದಿಗೆ ಓಡಿದ ಹತ್ತರಲ್ಲಿ ಒಂದು ಪಾಲೂ ಕಾಗದಕ್ಕೆ ಓಡುವುದಿಲ್ಲ. ಕಾಗದ ಅಂದರೆ ಮಗುವಿನ ಸರ್ಟಿಫಿಕೇಟು, ಶಾಲೆಯ ದಾಖಲೆ, ಪಾಲಕತ್ವದ ಆದೇಶ, ಆಸ್ತಿಯ ಪತ್ರ. ತಂದೆ ಗಟ್ಟಿಯಾಗಿರುವ ತನಕ ಇದರ ಕೊರತೆ ಗೊತ್ತಾಗುವುದೇ ಇಲ್ಲ. ಗೊತ್ತಾಗುವುದು ತಂದೆಯ ಮೌತ್ ಆದ ಮೇಲೆ, ಇಲ್ಲವೇ ಮಗುವಿಗೆ 18 ತುಂಬಿದ ದಿನ.

ಮೊದಲು ಕಲಿಕೆಯ ಮಾತು. ಐದನೇ ವಯಸ್ಸಿಗೆ ಮಗು ಮದ್ರಸಕ್ಕೆ ಬರ್ತದೆ. ಇಪ್ಪತ್ತು ವರ್ಷ ಪಾಠ ಹೇಳಿದ ನಮ್ಮಂಥವರ ಕಣ್ಣಿಗೆ ಒಂದು ತಿಂಗಳೊಳಗೆ ಕೆಲವು ಸಂಗತಿ ಬೀಳ್ತದೆ. ಕರೆದರೆ ತಿರುಗದ ಮಗು, ಕಣ್ಣಿಗೆ ಕಣ್ಣು ಕೊಡದ ಮಗು, ಬಾಯಿಪಾಠ ಚೆನ್ನಾಗಿದ್ದರೂ ಅಕ್ಷರ ಮಾತ್ರ ಎಷ್ಟು ತಿದ್ದಿದರೂ ಉಲ್ಟಾ ಬರೆಯುವ ಮಗು. ಮನೆಗೆ ಹೇಳಿ ಕಳಿಸಿದರೆ ಬರುವ ಉತ್ತರ ಹೆಚ್ಚಾಗಿ ಒಂದೇ: ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಮೂರು ಭಾಷೆ ಸೇರಿ ಮಗುವಿಗೆ ಗಲಿಬಿಲಿ ಆಗಿದೆ ಉಸ್ತಾದ್, ದೊಡ್ಡದಾದ ಮೇಲೆ ಸರಿಯಾಗ್ತದೆ. ಹಾಗಿಲ್ಲ. ಎರಡು ಮೂರು ಭಾಷೆ ಕೇಳಿ ಬೆಳೆಯುವುದರಿಂದ ಮಾತು ನಿಂತು ಹೋಗುವುದಿಲ್ಲ ಅಂತ ವಾಕ್ ತಜ್ಞರು ಸ್ಪಷ್ಟವಾಗಿ ಹೇಳ್ತಾರೆ. ಮಂಗಳೂರು ಕಡೆಯ ಮಕ್ಕಳು ಬ್ಯಾರಿ, ತುಳು, ಕನ್ನಡ, ಉರ್ದು ನಾಲ್ಕನ್ನೂ ಒಟ್ಟಿಗೆ ಮಾತಾಡ್ತಾವಲ್ಲ! ಮೂರು ವರ್ಷಕ್ಕೂ ಮಾತು ಬಾರದಿದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು, ಆಮೇಲೆ ಉಳಿದದ್ದು.

ಸಬಕ್ ಬಾರದ ಮಗುವಿಗೆ ಬೆತ್ತ ತೋರಿಸುವ ಪದ್ಧತಿ ಕೆಲವು ಕಡೆ ಇನ್ನೂ ಪೂರ್ತಿ ಹೋಗಿಲ್ಲ. ಬೆತ್ತದಿಂದ ಕಲಿಕಾ ನ್ಯೂನತೆ ವಾಸಿಯಾಗುವುದಿದ್ದರೆ ನಿಮ್ಹಾನ್ಸಿನಲ್ಲಿ ಬೆತ್ತವನ್ನೇ ಇಡುತ್ತಿದ್ದರು.

ಕಾನೂನಿನಲ್ಲಿ ಎಲ್ಲ ಸವಲತ್ತಿನ ಬಾಗಿಲು ಒಂದೇ, ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಿಂದಿನ ಕಾನೂನಿನಲ್ಲಿ ಏಳು ಬಗೆಯ ನ್ಯೂನತೆಗೆ ಮಾತ್ರ ಜಾಗ ಇತ್ತು, ಈಗ 21 ಇದೆ. ಆಟಿಸಂ, ಕಲಿಕಾ ನ್ಯೂನತೆ, ತಲಸೇಮಿಯಾ, ಹಿಮೋಫಿಲಿಯಾ ಎಲ್ಲ ಸೇರಿದೆ. ಹಾಗಾಗಿ ಹತ್ತು ವರ್ಷದ ಹಿಂದೆ ಡಾಕ್ಟರು "ಇದಕ್ಕೆ ಸರ್ಟಿಫಿಕೇಟ್ ಬರುವುದಿಲ್ಲ" ಅಂದಿದ್ದರೆ ಅದನ್ನೇ ಹಿಡಿದು ಕೂರಬೇಡಿ. 2021ರ ಜೂನ್ 1ರಿಂದ ಅರ್ಜಿ ಎಲ್ಲ ಆನ್‌ಲೈನ್, ಸ್ವಾವಲಂಬನ್ ಎಂಬ ಕೇಂದ್ರ ಸರಕಾರದ ಜಾಲತಾಣದಲ್ಲಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರ್ತಾರೆ. ಅರ್ಜಿ ಹಾಕಿಸುವುದು ಅವರ ಕೆಲಸ, ಉಪಕಾರ ಅಲ್ಲ. ತಾಲೂಕಿಗೆ ಒಬ್ಬರು ವಿವಿಧೋದ್ದೇಶ ಕಾರ್ಯಕರ್ತರು. ಇವರ ಹೆಸರು, ಫೋನ್ ನಂಬರು ಪಂಚಾಯತಿನಲ್ಲಿ ಸಿಗ್ತದೆ. ಪಂಚಾಯತಿ ತನ್ನ ಸ್ವಂತ ಆದಾಯದಲ್ಲಿ 5 ಶೇಕಡ ವಿಕಲಚೇತನರಿಗೆ ತೆಗೆದಿಡಬೇಕು ಅಂತಲೂ ಇದೆ. ನಮ್ಮವರು ಪಂಚಾಯತಿ ಮೆಂಬರುಗಳಾದವರು ಬೇಕಾದಷ್ಟು ಇದ್ದಾರಲ್ಲ, ಅವರನ್ನೇ ಕೇಳಿ ನೋಡಿ.

ತೊಂದರೆ ಇರುವುದು ಪರೀಕ್ಷೆಯಲ್ಲಿ. ಕಾಲು ಕೈಯ ನ್ಯೂನತೆ ತಾಲೂಕು ಆಸ್ಪತ್ರೆಯಲ್ಲೇ ತೀರ್ಮಾನ ಆಗಬಹುದು. ಬುದ್ಧಿ ಬೆಳವಣಿಗೆಯದ್ದಕ್ಕೆ ಮನೋವೈದ್ಯರು, ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರು ಬೇಕು, ಅಂದರೆ ಚಿಕ್ಕಮಗಳೂರು ಇಲ್ಲವೇ ಶಿವಮೊಗ್ಗ. ಎಸ್ಟೇಟ್ ಲೈನಿನಲ್ಲಿ ಇರುವವರಿಗೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಸ್ಸಿನಲ್ಲಿ ಆ ಮಗುವನ್ನು ಹಿಡಿದು ಕೂರುವ ಪಾಡು ಬೇರೆ. ನಮಗೆ ತಿಳಿದ ಒಬ್ಬ ತಾಯಿ ಇದೇ ಕೆಲಸಕ್ಕೆ ಒಂದು ಆಸ್ಪತ್ರೆಗೆ ನಾಲ್ಕು ಸಲ ಹೋಗಿದ್ದಾರೆ. ಒಂದು ಸಲ ಡಾಕ್ಟರು ರಜೆ, ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಫೋಟೋ ಸರಿ ಇಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ, ಯಾವ ವಾರ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡುವುದು ಒಳ್ಳೆಯದು. ಶಾಲೆಗೆ ಸೇರಿದ ಮಗುವಾದರೆ ಶಿಕ್ಷಣ ಇಲಾಖೆಯೇ ಬ್ಲಾಕ್ ಮಟ್ಟದಲ್ಲಿ ವೈದ್ಯಕೀಯ ತಪಾಸಣಾ ಶಿಬಿರ ಮಾಡ್ತದೆ, ಅದರ ತಾರೀಕು ಹೆಡ್‌ಮಾಸ್ತರರಿಗೆ ಗೊತ್ತಿರ್ತದೆ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಸಣ್ಣ ವಯಸ್ಸಿನಲ್ಲಿ ಕೊಟ್ಟ ಪ್ರಮಾಣಪತ್ರ ಶಾಶ್ವತ ಅಲ್ಲ. 2018ರ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಬೌದ್ಧಿಕ ನ್ಯೂನತೆಯದ್ದನ್ನು 5, 10 ಮತ್ತು 18ನೇ ವಯಸ್ಸಿನಲ್ಲಿ ನವೀಕರಿಸಬೇಕು. ಕಲಿಕಾ ನ್ಯೂನತೆಗೆ ಆ ಮಾರ್ಗಸೂಚಿಯಲ್ಲಿ 8ನೇ ವಯಸ್ಸಿನಲ್ಲಿ ಮೊದಲ ಪರೀಕ್ಷೆ, ಆಮೇಲೆ 14 ಮತ್ತು 18ರಲ್ಲಿ ಅಂತ ಇತ್ತು. ಆರನೇ ವಯಸ್ಸಿನಲ್ಲಿ ಮಾಡಿಸಿ ಲ್ಯಾಮಿನೇಷನ್ ಹಾಕಿ ಕಪಾಟಿನಲ್ಲಿಟ್ಟ ಸರ್ಟಿಫಿಕೇಟು, ಬೇಕಾದ ದಿನ ತೆಗೆದರೆ ಅವಧಿ ಮುಗಿದಿರ್ತದೆ. 18ರಲ್ಲಿ ಕೊಡುವುದೇ ಜೀವಮಾನದ್ದು.

ಶಾಲೆಯ ವಿಷಯದಲ್ಲಿ ಎರಡು ಕಾನೂನು ಇದೆ, ಎರಡರ ವಯಸ್ಸೂ ಬೇರೆ. 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14ರ ತನಕ. ವಿಕಲಚೇತನರ ಹಕ್ಕುಗಳ ಕಾಯಿದೆಯ 31ನೇ ಕಲಮಿನಲ್ಲಿ, 40 ಶೇಕಡ ಅಥವಾ ಹೆಚ್ಚು ನ್ಯೂನತೆ ಇರುವ ಮಗುವಿಗೆ 6ರಿಂದ 18ರ ತನಕ ಉಚಿತ ಶಿಕ್ಷಣ, ಹತ್ತಿರದ ಶಾಲೆಯಲ್ಲಾಗಲಿ ತಾವು ಆರಿಸಿದ ವಿಶೇಷ ಶಾಲೆಯಲ್ಲಾಗಲಿ. ಎಂಟನೇ ತರಗತಿ ಆದ ಕೂಡಲೇ "ಇನ್ನು ನಮ್ಮ ಜವಾಬ್ದಾರಿ ಮುಗೀತು, ಮನೆಯಲ್ಲೇ ಇಟ್ಕೊಳ್ಳಿ" ಅನ್ನುವ ಮಾತನ್ನು ಮೂರು ತಾಲೂಕುಗಳಲ್ಲೂ ಕೇಳಿದ್ದೇವೆ. ಆ ಮಾತಿಗೆ ಕಾನೂನಿನ ಆಧಾರ ಇಲ್ಲ. ನಮ್ಮವರಾದರೂ ಹೆಣ್ಣುಮಗುವಾದರೆ ಈ ಮಾತು ಬರುವುದನ್ನೇ ಕಾಯುತ್ತಿದ್ದವರ ಹಾಗೆ ಮನೆಗೆ ಕರಕೊಂಡು ಬರ್ತಾರೆ.

ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಮನೆಯಲ್ಲೇ ಶಿಕ್ಷಣ ಎಂಬ ವ್ಯವಸ್ಥೆ 2012ರ ತಿದ್ದುಪಡಿಯಿಂದ ಬಂದಿದೆ. ತೀವ್ರ ನ್ಯೂನತೆ, ಬಹುವಿಧ ನ್ಯೂನತೆ ಇರುವ ಮಕ್ಕಳಿಗೆ ಅದು ಹಕ್ಕು. ಸಂಪನ್ಮೂಲ ಶಿಕ್ಷಕರು ಮನೆಗೆ ಬರಬೇಕು. ಬರ್ತಾರಾ? ಗುಡ್ಡಕ್ಕೊಂದು ಮನೆ ಇರುವ ನಮ್ಮ ಕಡೆ, ಜೂನಿನಿಂದ ಸೆಪ್ಟೆಂಬರಿನ ತನಕ ಹಳ್ಳ ಉಕ್ಕಿ ಹರಿಯುವಾಗ, ಇಡೀ ಬ್ಲಾಕಿಗೆ ಬೆರಳೆಣಿಕೆಯ ಶಿಕ್ಷಕರು ಎಷ್ಟು ಮನೆ ಹತ್ತಿ ಇಳಿಯಲಿಕ್ಕೆ ಸಾಧ್ಯ? ಸುಪ್ರೀಂ ಕೋರ್ಟಿನ ಆದೇಶದ ತೂಕ ಇರುವುದು ಇಲ್ಲಿ. ಹುದ್ದೆಯ ಲೆಕ್ಕ ಹಾಕುವುದು ದಾಖಲಾದ ಮಕ್ಕಳ ಸಂಖ್ಯೆಯ ಮೇಲೆ. ಶಾಲೆಯ ರಿಜಿಸ್ಟರಿನಲ್ಲಿ ವಿಶೇಷ ಮಗು ಅಂತ ಬರೆಸದಿದ್ದರೆ ಆ ಮಗು ಲೆಕ್ಕಕ್ಕೇ ಇಲ್ಲ. ಮದುವೆ ಸಂಬಂಧಕ್ಕೆ ತೊಂದರೆ ಆಗ್ತದೆ, ಅಕ್ಕ ತಂಗಿಯರ ನಿಕಾಹ್ ನಿಲ್ತದೆ ಅಂತ ಹೆಸರು ಮುಚ್ಚಿಡುವ ಮನೆಗಳಿಂದಾಗಿ ಪಕ್ಕದ ಮನೆಯ ಮಗುವಿಗೂ ಶಿಕ್ಷಕರು ಸಿಗುವುದಿಲ್ಲ.

ಓದುವ ಮಕ್ಕಳ ವಿಷಯ ಸ್ವಲ್ಪದರಲ್ಲಿ ಹೇಳಿಬಿಡ್ತೇವೆ. ಎಸ್.ಎಸ್.ಎಲ್.ಸಿ.ಯಲ್ಲಿ ಬರೆದುಕೊಡುವ ಸಹಾಯಕ, ಹೆಚ್ಚಿನ ಸಮಯ, ಭಾಷಾ ವಿಷಯದಲ್ಲಿ ವಿನಾಯಿತಿ ಎಲ್ಲ ಸಿಗ್ತದೆ. ಆದರೆ ಪರೀಕ್ಷೆಗೆ ನೋಂದಣಿ ಮಾಡುವಾಗಲೇ ಶಾಲೆಯ ಮೂಲಕ ಕೇಳಬೇಕು, ಹಾಲ್ ಟಿಕೆಟ್ ಬಂದ ಮೇಲೆ ಓಡಿದರೆ ಇಲ್ಲ. 40 ಶೇಕಡಕ್ಕಿಂತ ಕಮ್ಮಿ ಇದ್ದರೆ ಏನೂ ಇಲ್ಲ ಎಂಬ ಮಾತಿಗೂ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ಕೈ ಬರಹದ ತೊಂದರೆ ಇದ್ದ ಒಬ್ಬ ಅಭ್ಯರ್ಥಿಗೆ 40 ಶೇಕಡದ ಮಿತಿ ನೋಡದೆ ಬರೆಯುವ ಸಹಾಯಕನನ್ನು ಕೊಡಬೇಕು ಅಂತ ಹೇಳಿತು. ಅದು ಯು.ಪಿ.ಎಸ್.ಸಿ. ಪರೀಕ್ಷೆಯ ಕೇಸು. ಪಿ.ಯು.ಸಿ. ದಾಟಿದವರಿಗೆ ಸರಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5 ಶೇಕಡ, ಸರಕಾರಿ ಕೆಲಸದಲ್ಲಿ 4 ಶೇಕಡ ಮೀಸಲಾತಿ ಇದೆ. ಶಾಲೆ ಹೊಂದದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ.

ಈಗ ಈ ಬರಹದ ಮುಖ್ಯ ಮಾತಿಗೆ ಬರ್ತೇವೆ. ನಮ್ಮ ಫಿಖ್ಹ್ ಪ್ರಕಾರ ಮಗು ಬಾಲಿಗ್ ಆದರೂ ಬುದ್ಧಿ ಬಲಿಯದಿದ್ದರೆ ತಂದೆಯ ವಿಲಾಯತ್ ಮುಂದುವರಿಯುತ್ತದೆ. ಮದ್ರಸದಲ್ಲಿ ನಾವು ಕಲಿಸುವುದೂ ಹಾಗೆಯೇ. ಇದರಿಂದ ನಮ್ಮವರ ಮನಸ್ಸಿನಲ್ಲಿ ಒಂದು ಧೈರ್ಯ: ಮಗ ಎಷ್ಟು ದೊಡ್ಡವನಾದರೂ ನಾನು ಅವನ ಬಾಪ, ನನ್ನ ಸಹಿ ಸಾಕು. ಸರಕಾರಿ ಕಾನೂನಿನಲ್ಲಿ ಹಾಗಿಲ್ಲ. 18 ತುಂಬಿದ ದಿನದಿಂದ ಅವನು ಪ್ರಾಪ್ತ ವಯಸ್ಕ. ತನ್ನ ಹೆಸರು ಬರೆಯಲು ಬಾರದ, ಹಣದ ಲೆಕ್ಕ ಗೊತ್ತಿಲ್ಲದ ಹುಡುಗನಾದರೂ ಬ್ಯಾಂಕಿನವರು, ಸಬ್‌ರಿಜಿಸ್ಟ್ರಾರ್ ಕಚೇರಿಯವರು ತಂದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ಸಹಿ ಒಪ್ಪುವುದಿಲ್ಲ. ಅವನ ಹೆಸರಿನಲ್ಲಿ ನೀವೇ ಇಟ್ಟ ಠೇವಣಿ ನಿಮಗೇ ತೆಗೆಯಲಿಕ್ಕಾಗುವುದಿಲ್ಲ.

ಇದಕ್ಕೆ ದಾರಿ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿದೆ. ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಈ ನಾಲ್ಕಕ್ಕೆ ಮಾತ್ರ ಅದು ಅನ್ವಯ. ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇರಬೇಕು, ಅದರಲ್ಲಿ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಒಬ್ಬ ವಿಕಲಚೇತನ ವ್ಯಕ್ತಿ. 18 ದಾಟಿದವರಿಗೆ ತಂದೆ ತಾಯಿಯೇ ಅರ್ಜಿ ಕೊಟ್ಟು ತಮ್ಮನ್ನು ಕಾನೂನುಬದ್ಧ ಪಾಲಕರನ್ನಾಗಿ ಮಾಡಿಸಿಕೊಳ್ಳಬಹುದು. ಇಬ್ಬರೂ ಇಲ್ಲವಾದರೆ ಒಡಹುಟ್ಟಿದವರೋ ಹತ್ತಿರದ ಸಂಬಂಧಿಯೋ ಅರ್ಜಿ ಕೊಡಬಹುದು. ಕೋರ್ಟು, ವಕೀಲರ ಫೀಸು ಬೇಡ. ನಮ್ಮ ಮೂರು ತಾಲೂಕಿನವರಿಗೆ ಇದು ಚಿಕ್ಕಮಗಳೂರಿನ ಜಿಲ್ಲಾಧಿಕಾರಿ ಕಚೇರಿಯ ಕೆಲಸ.

ಈ ಕಾಯಿದೆಯ 16ನೇ ಕಲಮು ನಮಗೆ ಬಹಳ ಹಿಡಿಸಿತು. ಪಾಲಕನಾದವನು ಆರು ತಿಂಗಳೊಳಗೆ ಆ ವ್ಯಕ್ತಿಯ ಸ್ಥಿರಾಸ್ತಿ, ಸಾಲ, ಬರಬೇಕಾದ್ದು ಎಲ್ಲದರ ಪಟ್ಟಿ ಸಮಿತಿಗೆ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಆಸ್ತಿ ನುಂಗಿದರೆ, ಮಗುವನ್ನು ನೋಡಿಕೊಳ್ಳದಿದ್ದರೆ ಅವನನ್ನು ತೆಗೆಯಲಿಕ್ಕೆ ದಾರಿ ಇದೆ. ನಮ್ಮ ಕುಟುಂಬಗಳಲ್ಲಿ "ಅಣ್ಣ ಇದ್ದಾನೆ, ಕಾಕ ಇದ್ದಾರೆ, ನೋಡಿಕೊಳ್ತಾರೆ" ಎಂಬ ಮಾತಿಗೆ ಹೀಗೆ ಲೆಕ್ಕ ಕೇಳುವವರು ಯಾರೂ ಇಲ್ಲ. ಎಷ್ಟೋ ಅಣ್ಣಂದಿರು ತಮ್ಮ ಹೆಂಡತಿ ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡದ್ದನ್ನು ನಾವು ಕಂಡಿದ್ದೇವೆ, ಅಲ್ಲಾಹು ಅವರಿಗೆ ಬರಕತ್ ಕೊಡಲಿ. ಒಳ್ಳೆಯ ಅಣ್ಣನಿಗೆ ಈ ಕಾಗದದಿಂದ ನಷ್ಟ ಏನಿದೆ? ಅವನಿಗೇ ಅನುಕೂಲ, ಆಸ್ಪತ್ರೆಯಲ್ಲಿ ಸಹಿ ಹಾಕುವಾಗ ನೀನು ಯಾರು ಅಂತ ಯಾರೂ ಕೇಳುವುದಿಲ್ಲ. ಇನ್ನು ನಿಜವಾಗಿ ನೋಡಿಕೊಳ್ಳುವವರು ಹೆಚ್ಚಾಗಿ ಅಕ್ಕ ತಂಗಿಯರು. ಮದುವೆಯಾಗಿ ಹೋದಳು ಅಂತ ಅವರ ಹೆಸರು ಯಾರ ನೆನಪಿಗೂ ಬರುವುದಿಲ್ಲ. ಅರ್ಜಿಯಲ್ಲಿ ಅವರ ಹೆಸರು ಹಾಕಬಹುದು.

ಕಿವುಡು ಮೂಗರಿಗೆ, ಕಣ್ಣು ಕಾಣದವರಿಗೆ, ನಡೆಯಲಾಗದವರಿಗೆ ಪಾಲಕರು ಬೇಕಾಗಿಲ್ಲ. ಅವರ ಬುದ್ಧಿ ಅವರಲ್ಲಿದೆ, ಅವರ ಸಹಿ ಅವರೇ ಹಾಕ್ತಾರೆ. ಕಣ್ಣು ಕಾಣದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಂ (ರ.ಅ.) ಅವರನ್ನು ಮದೀನದ ಉಸ್ತುವಾರಿಗೆ ಬಿಟ್ಟು ಪ್ರವಾದಿ (ಸ.ಅ.) ಹೊರಗೆ ಹೋಗುತ್ತಿದ್ದುದು ನಮಗೆ ಗೊತ್ತಿದೆಯಲ್ಲ. ಬೌದ್ಧಿಕ ನ್ಯೂನತೆ ಇದ್ದವರಿಗೂ ಏನು ಬೇಕು, ಏನು ಬೇಡ ಅಂತ ಮನಸ್ಸಿರ್ತದೆ. 2016ರ ಕಾಯಿದೆ 14ನೇ ಕಲಮಿನಲ್ಲಿ ಸೀಮಿತ ಪಾಲಕತ್ವ ಅಂತ ಹೇಳಿ, ಆ ವ್ಯಕ್ತಿಯ ಜೊತೆ ಕೇಳಿಕೊಂಡೇ ತೀರ್ಮಾನ ಮಾಡಬೇಕು ಅಂದಿದೆ.

ತಂದೆ ಬೇಗ ತೀರಿಹೋದ ಮನೆಯಲ್ಲಿ ಮಗು ಇನ್ನೂ ಸಣ್ಣದಿದ್ದರೆ ತಾಯಿಯ ಸ್ಥಿತಿ ಏನು? ಮಗುವನ್ನು ಸಾಕುವ ಹಕ್ಕು ತಾಯಿಗೆ ಇದೆ. ಮಗುವಿನ ಆಸ್ತಿಯ ಮೇಲೆ ಪಾಲಕಳಾಗುವ ಹಕ್ಕು ನಮ್ಮ ದೇಶದ ಕೋರ್ಟುಗಳು ನಡೆಸುವ ಮುಸ್ಲಿಂ ಕಾನೂನಿನಲ್ಲಿ ತಾಯಿಗೆ ತನ್ನಿಂದ ತಾನೇ ಬರುವುದಿಲ್ಲ. 1918ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಹೇಳಿತು. 2022ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಒಂದು ಕುಟುಂಬದ ಪಾಲುಪಟ್ಟಿಯ ಕೇಸು ಬಂದಾಗಲೂ, ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳಿಗೆ ತಾನು ಬದ್ಧ ಅಂತ ಹೇಳಿ ತಾಯಿ ಆಸ್ತಿಗೆ ಪಾಲಕಳಾಗಲಾರಳು ಅಂತಲೇ ತೀರ್ಮಾನವಾಯಿತು. ಆಮೇಲೆ ತಾಯಿ 1890ರ ಪಾಲಕರು ಮತ್ತು ಪಾಲಿತರ ಕಾಯಿದೆಯಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಪಾಲಕಳಾಗಬೇಕು. ಇದ್ದತ್ತಿನಲ್ಲಿರುವ ಹೆಂಗಸು ಕೋರ್ಟಿನ ಕಾಗದ ಮಾಡಿಸುವಷ್ಟರಲ್ಲಿ ಉಳಿದವರು ಪೌತಿ ಖಾತೆ ಮಾಡಿಸಿ ಮುಗಿಸಿರ್ತಾರೆ.

ತಂದೆ ಬದುಕಿರುವಾಗಲೇ ಒಂದು ವಸಿಯ್ಯತ್ ಬರೆದು ಮಕ್ಕಳ ತಾಯಿಯನ್ನೇ ವಸಿಯ್ಯ್ ಅಂತ ನೇಮಿಸಿದರೆ ಈ ತಾಪತ್ರಯ ಹೆಚ್ಚು ಕಮ್ಮಿ ತಪ್ಪುತ್ತದೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಯೋಗ್ಯತೆ ಇರುವ ತಾಯಿ ಈ ಸ್ಥಾನಕ್ಕೆ ಬೇರೆಯವರಿಗಿಂತ ಮೇಲು ಅಂತಲೇ ಉಲಮಾಗಳು ಹೇಳಿದ್ದಾರೆ. ತಂದೆಯ ತಂದೆ ಬದುಕಿದ್ದರೆ ಮಾತ್ರ ವಿಷಯ ಬೇರೆ, ಶಾಫಿಈ ಪ್ರಕಾರ ವಿಲಾಯತ್ ಮೊದಲು ಅವರಿಗೆ. ಅಂಥ ಮನೆಯವರು ಖಾಝಿಯವರನ್ನೂ ವಕೀಲರನ್ನೂ ಇಬ್ಬರನ್ನೂ ಕೇಳಿ ಬರೆಸಬೇಕು. ಉಳಿದ ಮನೆಗಳಲ್ಲಿ ಒಂದು ಪುಟದ ಕಾಗದ, ಇಬ್ಬರು ಸಾಕ್ಷಿ. ಮೌಲೂದಿಗೆ ಎಷ್ಟು ಕೆ.ಜಿ. ಅಕ್ಕಿ ಬೇಕು ಅಂತ ಪುಟಗಟ್ಟಲೆ ಬರೆಯುವ ನಮ್ಮ ಜನ ಈ ಒಂದು ಪುಟ ಬರೆದದ್ದು ನಾವು ಬಹಳ ಕಂಡಿಲ್ಲ.

ಆಸ್ತಿಯ ವಿಷಯದಲ್ಲಿ ತಪ್ಪು ತಿಳುವಳಿಕೆ ಇನ್ನೂ ಹೆಚ್ಚು. ಒಂದನೆಯದು, ಬುದ್ಧಿ ಇಲ್ಲದವನಿಗೆ ಪಾಲು ಯಾಕೆ ಎಂಬುದು. ಫರಾಯಿಳಿನಲ್ಲಿ ಅವನಿಗೆ ಇರುವ ಪಾಲು ಒಂದು ಸೇರೂ ಕಮ್ಮಿ ಆಗುವುದಿಲ್ಲ. ಮಗನಾದರೆ ಮಗನ ಪಾಲು, ಮಗಳಾದರೆ ಮಗಳ ಪಾಲು. ವಂಶವೃಕ್ಷ ಮಾಡಿಸುವಾಗ ಆ ಹೆಸರು ಬಿಟ್ಟರೆ ಅದು ಸುಳ್ಳು ದಾಖಲೆ. ಹಕ್ಕು ಬಿಡುಗಡೆ ಪತ್ರಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿದರೆ ಅದಕ್ಕೆ ಬೆಲೆ ಇಲ್ಲ, ಏನು ಬರೆದಿದೆ ಅಂತ ಅರ್ಥವಾಗದವನ ಒಪ್ಪಂದ 1872ರ ಕರಾರು ಕಾಯಿದೆಯಲ್ಲಿ ನಿಲ್ಲುವುದಿಲ್ಲ. ದುನಿಯಾದ ಕೋರ್ಟು ಹಾಗಿರಲಿ, ಯತೀಮಿನ ಹಣ ತಿಂದವರ ಬಗ್ಗೆ ಏನಿದೆ ಅಂತ ನಾವು ಈ ಪುಟದಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ.

ಎರಡನೆಯದು, ವಸಿಯ್ಯತ್ತಿನಲ್ಲಿ ಆ ಮಗುವಿಗೆ ಹೆಚ್ಚು ಬರೆದಿಟ್ಟರೆ ಸಾಕು ಎಂಬುದು. ವಾರಸುದಾರನಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಡೆಯುತ್ತದೆ, ಅದೂ ತಂದೆಯ ಮರಣದ ನಂತರ ಕೊಟ್ಟ ಒಪ್ಪಿಗೆ. ಹಾಗಾಗಿ ಹೆಚ್ಚು ಕೊಡಬೇಕು ಅಂತ ಇದ್ದರೆ ಬದುಕಿರುವಾಗಲೇ ಹಿಬಾ ಮಾಡಬೇಕು. ಇಲ್ಲಿ ಒಂದು ಪ್ರಶ್ನೆ ಏಳ್ತದೆ. ಒಬ್ಬ ಮಗನಿಗೆ ಮಾತ್ರ ಕೊಟ್ಟು ಸಾಕ್ಷಿಗೆ ಕರೆದಾಗ ಪ್ರವಾದಿ (ಸ.ಅ.) ಅದಕ್ಕೆ ಸಾಕ್ಷಿಯಾಗಲು ಒಪ್ಪದ ನುಅಮಾನ್ ಇಬ್ನ್ ಬಶೀರ್ (ರ.ಅ.) ಅವರ ಪ್ರಸಂಗ ಇದೆಯಲ್ಲ, ಹಾಗಾದರೆ ಇದು ಸರಿಯಾ? ಮಕ್ಕಳ ನಡುವೆ ಸಮನಾಗಿ ಕೊಡುವುದು ಸುನ್ನತ್, ಕಾರಣವಿಲ್ಲದೆ ಭೇದ ಮಾಡುವುದು ಕರಾಹತ್. ದುಡಿಯಲಾಗದ ಮಗುವಿನ ಅಗತ್ಯ ಕಾರಣವೇ ಹೌದು ಅಂತ ನಮ್ಮ ಫುಖಹಾಗಳು ಹೇಳಿದ್ದಾರೆ. ಉಳಿದ ಮಕ್ಕಳನ್ನು ಕೂರಿಸಿ ಹೇಳಿ ಮಾಡಿದರೆ ನಂತರದ ಜಗಳವೂ ತಪ್ಪುತ್ತದೆ. ಅಪ್ರಾಪ್ತ ಮಗುವಿಗೆ ತಂದೆ ಕೊಡುವ ಹಿಬಾದಲ್ಲಿ ಸ್ವಾಧೀನ ಬಿಟ್ಟುಕೊಡುವ ಶರತ್ತೂ ಇಲ್ಲ, ಮಗುವಿನ ಪರವಾಗಿ ತಂದೆಯೇ ಇಟ್ಟುಕೊಂಡಿದ್ದಾನೆ ಅಂತ ಲೆಕ್ಕ. 18ರ ಮೊದಲು ಮಾಡಿದರೆ ಸುಲಭ ಎಂಬುದಕ್ಕೆ ಇದೂ ಒಂದು ಕಾರಣ. ಬಾಯಿಮಾತಿನ ಹಿಬಾ ಕಾನೂನಿನಲ್ಲಿ ನಡೆಯುತ್ತದೆ, ಖಾತೆ ಬದಲಾಗಬೇಕಾದರೆ ರಿಜಿಸ್ಟರ್ ಮಾಡಿಸುವುದೇ ಸರಿ. ಕರ್ನಾಟಕದಲ್ಲಿ ಮಕ್ಕಳಿಗೆ ಕೊಡುವ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಆಸ್ತಿಯ ಬೆಲೆಯ ಮೇಲೆ ಅಲ್ಲ, ನಿಗದಿತ ಸಣ್ಣ ಮೊತ್ತ.

ಬ್ಯಾಂಕಿನಲ್ಲಿ ಆ ಮಗುವನ್ನು ನಾಮಿನಿ ಮಾಡಿದ್ದೇನೆ ಅಂತ ನೆಮ್ಮದಿಯಿಂದ ಇರುವವರೂ ಇದ್ದಾರೆ. ನಾಮಿನಿ ಹಣ ತೆಗೆದುಕೊಳ್ಳುವವನು ಅಷ್ಟೇ, ಒಡೆಯ ಅಲ್ಲ. ಹಣ ಎಲ್ಲ ವಾರಸುದಾರರದ್ದು. ವಕ್ಫ್ ಅಲಲ್ ಔಲಾದ್ ಮಾಡಿದರೆ ಹೇಗೆ ಅಂತ ಒಬ್ಬ ಕಾಫಿ ತೋಟದವರು ಕೇಳಿದ್ದರು. 1913ರ ಕಾನೂನು ಅದಕ್ಕೆ ದಾರಿ ಮಾಡಿತ್ತು. 2025ರ ತಿದ್ದುಪಡಿಯಲ್ಲಿ ಅದರಿಂದ ವಾರಸುದಾರರ ಹಕ್ಕು ತಪ್ಪಬಾರದು ಅಂತ ಸೇರಿದೆ, ತಿದ್ದುಪಡಿಯೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದೆ. ಒಂದು ಮಗುವಿನ ಅನ್ನವನ್ನು ಆ ಗಲಾಟೆಯ ನಡುವೆ ಇಡಬೇಡಿ.

ಆದರೆ ತೋಟದ ಪಹಣಿ ಹೆಸರಿನಲ್ಲಿ ಇರುವವರು ನಮ್ಮಲ್ಲಿ ಎಷ್ಟು ಮಂದಿ? ಮಲೆನಾಡಿನ ನಿಜವಾದ ಬಿಕ್ಕಟ್ಟು ಇದು. ಅರ್ಧ ಎಕರೆ ಅಡಿಕೆ, ಎರಡು ಎಕರೆ ಕಾಫಿ, ಎಲ್ಲ ಬಗರ್ ಹುಕುಂ. ಫಾರಂ 50, 53, 57 ಅಂತ ಅರ್ಜಿ ಹಾಕಿ ಹಾಕಿ ತಂದೆಯ ಕಾಲ ಕಳೆದು ಮಗನ ಕಾಲ ಬಂದಿದೆ. ಕೆಲವಕ್ಕೆ ಅರಣ್ಯದ ತಕರಾರು. ಇಂಥ ಜಾಗವನ್ನು ಹಿಬಾ ಮಾಡುವುದು ಹೇಗೆ, ಪಾಲು ಮಾಡುವುದು ಹೇಗೆ? ತಂದೆ ಹೋದ ಮೇಲೆ ಯಾರು ಕತ್ತಿ ಹಿಡಿದು ತೋಟಕ್ಕೆ ಇಳೀತಾನೋ ಅವನದ್ದೇ ಜಾಗ. ಕತ್ತಿ ಹಿಡಿಯಲಾಗದ ಮಗುವಿಗೆ ಏನೂ ಇಲ್ಲ. ಪಿತ್ರಾರ್ಜಿತ ಪಹಣಿ ಇದ್ದವರಿಗಿಂತ ಇವರಿಗೇ ಯೋಜನೆ ಹೆಚ್ಚು ಬೇಕು. ಕೂತ ಮನೆಗೆ 94ಸಿ ಹಕ್ಕುಪತ್ರ ಆಗುವುದಿದ್ದರೆ ಅದನ್ನು ಮೊದಲು ಮಾಡಿಸಬೇಕು. ಸಣ್ಣ ಮೊತ್ತವಾದರೂ ಮಗುವಿನ ಹೆಸರಿಗೆ ನಗದಿನಲ್ಲಿ ಹಿಬಾ ಮಾಡಿ ಇಡಬೇಕು. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದ ತನಕ ಇದೆ, ಮೊದಲೇ ಇರುವ ಕಾಯಿಲೆ ಅಂತ ಅದರಲ್ಲಿ ತಳ್ಳುವುದಿಲ್ಲ. ಸರ್ಟಿಫಿಕೇಟು ಇದ್ದರೆ ಅದಕ್ಕೂ ಮಾಸಾಶನಕ್ಕೂ ಅರ್ಜಿ ಹಾಕಬಹುದು.

ಘಟ್ಟದ ಕೆಳಗೆ ಕೊಕ್ಕಡ, ಪಟ್ರಮೆ, ಆಚೆ ಕಾಸರಗೋಡಿನ ಕಡೆ ಎಂಡೋಸಲ್ಫಾನ್ ಪೀಡಿತ ಮಕ್ಕಳ ಕತೆ ನಮ್ಮವರಿಗೆ ಗೊತ್ತಿದೆ, ಅಲ್ಲಿ ನಮ್ಮ ಸಂಬಂಧಿಕರೇ ಇದ್ದಾರೆ. ಅಲ್ಲಿನ ತಾಯಂದಿರು ಬೀದಿಗಿಳಿದು ಹೋರಾಡಿದ್ದರಿಂದ ಮಾಸಾಶನ ಬಂತು, ಕೊಕ್ಕಡದಲ್ಲಿ, ಕೊಯ್ಲದಲ್ಲಿ ಪಾಲನಾ ಕೇಂದ್ರ ಬಂತು. ಕೇರಳದ ಸಂತ್ರಸ್ತರಿಗೆ 5 ಲಕ್ಷ ಪರಿಹಾರ ಕೊಡಿ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದೆಲ್ಲ ಹತ್ತಾರು ಮನೆ ಒಟ್ಟಾಗಿದ್ದರಿಂದ ಸಾಧ್ಯವಾಯಿತು. ನಮ್ಮ ಮೂರು ತಾಲೂಕಿನಲ್ಲಿ ಒಂದು ಮನೆ ಬಸರೀಕಟ್ಟೆಯಲ್ಲಿ, ಇನ್ನೊಂದು ಕಿಗ್ಗದಲ್ಲಿ. ಒಬ್ಬರಿಗೊಬ್ಬರ ಪರಿಚಯವೇ ಇರುವುದಿಲ್ಲ. ಪರಿಚಯ ಮಾಡಿಸಬಲ್ಲದ್ದು ಜಮಾಅತ್ ಕಮಿಟಿಗಳು. ಮದ್ರಸದ ಅಡ್ಮಿಷನ್ ಫಾರಂನಲ್ಲಿ ಒಂದು ಸಾಲು ಹೆಚ್ಚು ಸೇರಿಸಲಿಕ್ಕೆ ಖರ್ಚೇನೂ ಇಲ್ಲ. ಮಕ್ಕಳ ಹೆಸರು ನೋಟೀಸ್ ಬೋರ್ಡಿಗೆ ಹಾಕಬೇಡಿ ಅಂತ ಮಾತ್ರ ಕೈ ಮುಗಿದು ಕೇಳ್ತೇವೆ.

ಇನ್ನೊಂದು ಮಾತು ಹೇಳಲೇಬೇಕು, ಕೆಲವರಿಗೆ ಬೇಸರ ಆದೀತು. ನಿಕಾಹ್ ಮಾಡಿಸಿದರೆ ಸರಿ ಹೋಗ್ತಾನೆ, ನೋಡಿಕೊಳ್ಳಲಿಕ್ಕೆ ಒಂದು ಜನ ಆಗ್ತದೆ ಅಂತ ಬಡವರ ಮನೆಯ ಹುಡುಗಿಯನ್ನು ಹೇಳದೆ ಕೇಳದೆ ತರುವ ರೂಢಿ. ಅದು ಆ ಮಗುವಿನ ಭವಿಷ್ಯದ ಯೋಜನೆ ಅಲ್ಲ, ಇನ್ನೊಂದು ಮನೆಯ ಮಗುವಿನ ಭವಿಷ್ಯ ಕೆಡಿಸುವುದು. ಇಂಥ ನಿಕಾಹಿಗೆ ಕೂರುವ ಮೊದಲು ಖತೀಬರು ಎರಡು ಪ್ರಶ್ನೆ ಹೆಚ್ಚು ಕೇಳಬೇಕು.

ದುಡ್ಡಿಲ್ಲ, ವಕೀಲರು ಗೊತ್ತಿಲ್ಲ ಅನ್ನುವವರಿಗೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ವಿಕಲಚೇತನರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡ್ತಾರೆ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ಕಡೆ ಕೋರ್ಟಿನ ಆವರಣದಲ್ಲೇ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಬಹುದು. ಹೋಗುವಾಗ ಮಗುವಿನ ಜನನ ಪತ್ರ, ಆಧಾರ್, ಯು.ಡಿ.ಐ.ಡಿ. ಕಾರ್ಡು, ತಂದೆ ತಾಯಿಯ ಆಧಾರ್, ರೇಷನ್ ಕಾರ್ಡು, ಪಹಣಿ ಇದ್ದರೆ ಪಹಣಿ, ಇಲ್ಲದಿದ್ದರೆ ಫಾರಂ 57ರ ಸ್ವೀಕೃತಿ ಚೀಟಿ ಇಷ್ಟು ಹಿಡಕೊಂಡು ಹೋಗಿ. ಪ್ರತಿಯೊಂದರ ಎರಡು ಜೆರಾಕ್ಸ್ ಇರಲಿ, ಮಳೆಗಾಲವಾದರೆ ಪ್ಲಾಸ್ಟಿಕ್ ಕವರಿನಲ್ಲಿ.